ಸಾಗರದಲ್ಲಿ ಮಾಡಿಸಿದ ಒಡವೆ ಪೆಟ್ಟಿಗೆ

ಜೋಗ ನೋಡಲು ಹೊರಟವರಿಗೆ ಸಾಗರವೆಂದರೆ ಬಸ್ಸು ಸ್ವಲ್ಪ ಹೊತ್ತು ನಿಲ್ಲುವ ಊರು, ಅಷ್ಟೆ. ಒಂದು ಲೋಟ ಕಾಫಿ, ಮಕ್ಕಳಿಗೆ ಒಂದು ಚಿಪ್ಪು ಬಾಳೆಹಣ್ಣು, ಮತ್ತೆ ಬಸ್ಸು. ಜಲಪಾತ ಅಲ್ಲಿಂದ ಬರೀ 30 ಕಿಲೋಮೀಟರ್ ದೂರದಲ್ಲಿರುವಾಗ ಊರು ಸುತ್ತುವ ತಾಳ್ಮೆ ಯಾರಿಗೆ ತಾನೇ ಇರುತ್ತದೆ? ಆದರೆ ಸೋದರಿಯರೇ, ಒಮ್ಮೆ ಅಲ್ಲಿಯೇ ಇಳಿದು ನೋಡಿ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು ಅದು. ಜಗಲಿಯ ಮೇಲೆ ಚಾಪೆ ಹಾಸಿ ಕುಳಿತು ಉಳಿ ಆಡಿಸುವವರ ಎದುರು ಹತ್ತು ನಿಮಿಷ ಕುಳಿತರೆ, ಶೋಕೇಸಿನಲ್ಲಿ ನಾವು ಇಷ್ಟು ವರ್ಷ ನೋಡಿದ ಆನೆ, ನವಿಲು, ಗಣಪತಿಗಳ ಹಿಂದೆ ಎಷ್ಟು ಕಣ್ಣು, ಎಷ್ಟು ಬೆನ್ನು ಸವೆದಿದೆ ಎಂದು ತಿಳಿಯುತ್ತದೆ.

ಕಳೆದ ಚಳಿಗಾಲದಲ್ಲಿ ನಾವು ಸಾಗರಕ್ಕೆ ಹೋದದ್ದು ಜೋಗ ನೋಡುವುದಕ್ಕಲ್ಲ. ಒಂದು ಒಡವೆ ಪೆಟ್ಟಿಗೆ ಮಾಡಿಸುವುದಕ್ಕೆ. ನನ್ನ ಅಕ್ಕನ ಮಗಳಿಗೆ ಮದುವೆ ಗೊತ್ತಾಗಿತ್ತು. ಅಕ್ಕ ತೀರಿಕೊಂಡಾಗ ಆ ಮಗುವಿಗೆ ನಾಲ್ಕು ವರ್ಷ. ಅಕ್ಕನ ಒಡವೆಗಳನ್ನು ನಮ್ಮಮ್ಮ ಒಂದು ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಟ್ರಂಕಿನ ತಳದಲ್ಲಿ ಇಟ್ಟವರು, ಇಪ್ಪತ್ತು ವರ್ಷ ಅದನ್ನು ಬಿಚ್ಚಿರಲಿಲ್ಲ. ಮದುವೆಗೆ ಸ್ಟೀಲ್ ಪಾತ್ರೆ, ಗೋಡೆ ಗಡಿಯಾರ, ಬೆಳ್ಳಿ ದೀಪ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ತಾಯಿಯ ಒಡವೆಯನ್ನು ಮಗಳ ಕೈಗೆ ಗಂಟಿನಲ್ಲಿ ಕೊಡುವುದು ನನಗೆ ಸರಿಬರಲಿಲ್ಲ. ಅದಕ್ಕೊಂದು ಪೆಟ್ಟಿಗೆ ಆಗಬೇಕು, ಅದೂ ಅಂಗಡಿಯ ಪೆಟ್ಟಿಗೆಯಲ್ಲ, ಆ ಒಡವೆಗೆಂದೇ ಅಳತೆ ಹಿಡಿದು ಮಾಡಿದ್ದು, ಎಂದು ಮನಸ್ಸು ಹಟ ಹಿಡಿಯಿತು.

ನಾವಿರುವುದು ಅರಸೀಕೆರೆ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ನಮ್ಮೂರ ಮೇಲೆಯೇ ಹಾದು ಹೋಗುತ್ತದೆ. ಬೀರೂರು, ಭದ್ರಾವತಿ, ಶಿವಮೊಗ್ಗ ದಾಟಿದ ಮೇಲೆ ಕಿಟಕಿಯ ಹೊರಗೆ ತೆಂಗು ಕಡಿಮೆಯಾಗಿ ಅಡಿಕೆ ತೋಟ ಶುರುವಾಗುತ್ತದೆ, ಗಾಳಿಯೂ ತಣ್ಣಗಾಗುತ್ತದೆ. ಸಾಗರದ ನಿಲ್ದಾಣದ ಹೆಸರು ಸಾಗರ ಜಂಬಗಾರು. ಇಳಿದು ಊರೊಳಗೆ ಬಂದರೆ ಗಣಪತಿ ಕೆರೆ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಈ ಕೆರೆಗೆ ಹಿಂದೆ ಸದಾಶಿವ ಸಾಗರ ಎಂಬ ಹೆಸರಿತ್ತಂತೆ. ಊರಿಗೂ ಅದೇ ಹೆಸರು ನಿಂತಿತು. ಒಂದು ಕಡೆ ಕೆಳದಿ, ಇನ್ನೊಂದು ಕಡೆ ಇಕ್ಕೇರಿ, ಎರಡೂ ನಾಯಕರ ರಾಜಧಾನಿಗಳು. ಕೆತ್ತನೆಯವರು ಈ ಸೀಮೆಯಲ್ಲಿ ನೆಲೆಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗುಡಿಯ ಕೆಲಸ ಮಾಡುವವರಾದ್ದರಿಂದ ಗುಡಿಗಾರರು ಎಂಬ ಹೆಸರು ಬಂತು ಎನ್ನುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಈ ಕಡೆಗೆ ಬಂದವರು ಎಂಬ ಮಾತೂ ಇದೆ. ಸಾಗರ, ಸೊರಬ, ಶಿರಸಿ, ಕುಮಟಾ, ಹೊನ್ನಾವರಗಳಲ್ಲಿ ಇವರ ಮನೆಗಳಿವೆ. ಗಂಧ ಕೆತ್ತುವುದಷ್ಟೇ ಅಲ್ಲ, ಮದುವೆಯ ಬಾಸಿಂಗ, ಬೆಂಡಿನ ಹೂವು ಮಾಡುವುದೂ ಇವರ ಕುಲಕಸುಬೇ. ಬೆಂಡಿನ ಕೆಲಸದಲ್ಲಿ ಹೆಣ್ಣುಮಕ್ಕಳ ಕೈ ಬಹಳ ಚುರುಕು. ನಾವು ಹೋದ ಮನೆಯಲ್ಲೂ ಸೊಸೆ ಒಂದು ಕಡೆ ಬಾಸಿಂಗಕ್ಕೆ ಬಣ್ಣದ ಕಾಗದ ಅಂಟಿಸುತ್ತಿದ್ದಳು, ಮಾವ ಇನ್ನೊಂದು ಕಡೆ ಕೃಷ್ಣನ ಕೊಳಲಿಗೆ ತೂತು ಕೊರೆಯುತ್ತಿದ್ದರು.

ಆ ಹಿರಿಯರಿಗೆ ನಾನು ಹೇಳಿದೆ: "ಒಂದು ಗಂಧದ ಪೆಟ್ಟಿಗೆ ಬೇಕಿತ್ತು. ದೊಡ್ಡದು, ಚೆನ್ನಾಗಿರೋದು."

ಅವರು ಉಳಿ ಕೆಳಗಿಡದೆ ಕೇಳಿದರು: "ಒಡವೆ ಏನೇನಿದೆ ಹೇಳಿ ತಾಯಿ. ಪೆಟ್ಟಿಗೆ ಆಮೇಲೆ ನೋಡೋಣ."

ನಮ್ಮವರಿಗೆ ನಗು ಬಂತು. ಆದರೆ ಮಾತು ಎಷ್ಟು ಸರಿ ನೋಡಿ. ಸೀರೆಗೆ ರವಿಕೆ ಹೊಲಿಸುವಾಗ ಅಳತೆ ಕೊಡುತ್ತೇವೆ; ಒಡವೆ ಪೆಟ್ಟಿಗೆ ಕೊಳ್ಳುವಾಗ ಮಾತ್ರ ಹೊರಗಿನ ಚೆಂದ ನೋಡಿ ತಂದು, ಒಳಗೆ ಸರ ಬಳೆ ಎಲ್ಲವನ್ನೂ ಒಟ್ಟಿಗೆ ತುರುಕುತ್ತೇವೆ. ಸರ ಗಂಟು ಬೀಳುತ್ತದೆ, ಜುಮುಕಿಯ ಮುತ್ತು ಉದುರುತ್ತದೆ, ಒಂದು ಓಲೆಯ ತಿರುಪು ಎಲ್ಲೋ ಹೋಗುತ್ತದೆ.

ನಾನು ಗಂಟನ್ನೇ ಜೊತೆಗೆ ತಂದಿದ್ದೆ. ಅವರ ಸೊಸೆ ಒಂದು ತಟ್ಟೆ ತಂದಿಟ್ಟಳು. ಎರಡು ಜೊತೆ ಬಳೆ, ಒಂದು ಅವಲಕ್ಕಿ ಸರ, ಒಂದು ಸಣ್ಣ ಮುತ್ತಿನ ಸರ, ಬೆಂಡೋಲೆ, ಜುಮುಕಿ, ಒಂದು ಮೂಗುಬೊಟ್ಟು, ಬೆಳ್ಳಿಯ ಕಾಲ್ಗೆಜ್ಜೆ, ಕಾಲುಂಗುರ. ಇಷ್ಟೇ. ಸಿರಿವಂತರ ಮನೆಯ ಒಡವೆಯಲ್ಲ. ಎಲ್ಲಕ್ಕೂ ಕೆಳಗೆ ಒಂದು ಒಣಗಿದ ಸುರಗಿ ಹೂವಿನ ದಂಡೆ ಇತ್ತು. ಮಲೆನಾಡಿನ ತವರಿನವರಿಗೆ ಸುರಗಿ ಎಂದರೆ ಗೊತ್ತಲ್ಲ, ಒಣಗಿದರೂ ಪರಿಮಳ ಬಿಡದ ಹೂವು. ಅಕ್ಕನಿಗೆ ಅದೆಂದರೆ ಪ್ರಾಣ. ಗಂಟು ಕಟ್ಟುವಾಗ ಅಮ್ಮ ಅದನ್ನೂ ಸೇರಿಸಿದ್ದರೆಂದು ನನಗೆ ಆವತ್ತೇ ತಿಳಿದದ್ದು.

ಹಿರಿಯರು ಇಂಚುಪಟ್ಟಿ ತೆಗೆದು ಲೆಕ್ಕ ಹಾಕಿದರು. ಬಳೆಯನ್ನು ಮಲಗಿಸಿ ಇಟ್ಟರೆ ಜಾಗ ದಂಡ, ನಿಲ್ಲಿಸಿ ಇಡಬೇಕು. ಅದಕ್ಕೆ ಒಳಗೆ 3 ಇಂಚು ಎತ್ತರ ಬೇಕು. ಸರಗಳು ಮಡಿಚಬಾರದು, ಉದ್ದಕ್ಕೆ ಮಲಗಬೇಕು. ಅದಕ್ಕೆ 9 ಇಂಚು ಉದ್ದದ ಒಂದು ಕಿರಿದಾದ ಮನೆ. ಓಲೆ, ಜುಮುಕಿ, ಮೂಗುಬೊಟ್ಟಿಗೆ ಮೇಲೊಂದು ತಟ್ಟೆ, ಅದರಲ್ಲಿ ಸಣ್ಣ ಸಣ್ಣ ಮನೆಗಳು. ತಟ್ಟೆ ಎತ್ತಿದರೆ ಕೆಳಗೆ ಬಳೆ, ಸರ. ಬೆಳ್ಳಿಗೆ ಬೇರೆಯೇ ಮೂಲೆ. ಹೀಗೆ ಒಳಗಿನಿಂದ ಹೊರಗೆ ಲೆಕ್ಕ ಹಾಕಿಕೊಂಡು ಬಂದರೆ ಪೆಟ್ಟಿಗೆಯ ಹೊರ ಅಳತೆ 10 ಇಂಚು ಉದ್ದ, 7 ಇಂಚು ಅಗಲ, 5½ ಇಂಚು ಎತ್ತರಕ್ಕೆ ನಿಂತಿತು. ನಾನು ಮನಸ್ಸಿನಲ್ಲಿ ಕಂಡಿದ್ದ ಪೆಟ್ಟಿಗೆ ಇದರ ಎರಡರಷ್ಟಿತ್ತು!

"ಇಷ್ಟನ್ನೂ ಗಂಧದಲ್ಲೇ ಮಾಡೋದು ಬೇಡ" ಎಂದರು. "ಗಂಧ ತೂಕದ ಮೇಲೆ ಬರೋದು. ಮೈ ಶಿವನೆ ಮರದಲ್ಲಿ ಮಾಡೋಣ. ಮುಚ್ಚಳದ ನಡುವೆ ಅಂಗೈಯಷ್ಟು ಗಂಧ ಕೂರಿಸೋಣ. ಪೆಟ್ಟಿಗೆ ತೆಗೆದಾಗ ಪರಿಮಳ ಬರೋದಕ್ಕೆ ಒಳಗೊಂದು ಗಂಧದ ಪಟ್ಟಿ ಸಾಕು."

ಗಂಧ ಏಕೆ ಅಷ್ಟು ದುಬಾರಿ ಎಂಬುದಕ್ಕೂ ಒಂದು ಕಥೆ ಇದೆ. ಗಂಧದ ಗಿಡ ತನ್ನ ಬೇರನ್ನು ಪಕ್ಕದ ಮರಗಳ ಬೇರಿಗೆ ತಗುಲಿಸಿ ಆಹಾರ ಹೀರಿಕೊಂಡು ಬೆಳೆಯುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಪರಿಮಳ ಇರುವುದು ಒಳಗಿನ ಚೇಗಿನಲ್ಲಿ ಮಾತ್ರ, ಹೊರಗಿನ ಬಿಳಿ ಮರಕ್ಕೆ ವಾಸನೆಯೇ ಇಲ್ಲ. ಒಳ್ಳೆಯ ಚೇಗು ಕಟ್ಟಬೇಕಾದರೆ ಹತ್ತಾರು ವರ್ಷ ಕಾಯಬೇಕು. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದ ಸರ್ಕಾರಗಳೂ ಅದೇ ಪದ್ಧತಿಯನ್ನು ಮುಂದುವರಿಸಿದವು. ಸ್ವಂತ ಹಿತ್ತಲಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಎಂದಾಗ ಬೆಳೆಸುವ ಆಸೆ ಯಾರಿಗಿರುತ್ತದೆ? ಇದರ ಮೇಲೆ 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಕದಿರು ರೋಗ ಲೆಕ್ಕವಿಲ್ಲದಷ್ಟು ಮರಗಳನ್ನು ತಿಂದಿತು. ಉಳಿದದ್ದಕ್ಕೆ ಕಳ್ಳರ ಕಾಟ. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಮರದ ಒಡೆಯ ಎಂದಾಯಿತು. ಆದರೆ ಆಗ ನೆಟ್ಟ ಗಿಡ ಉಳಿಗೆ ಬರಲು ಕಾಲ ಬೇಡವೇ? ಅಲ್ಲಿಯವರೆಗೆ ಕೆತ್ತುವವರು ಒಂದು ಚೂರನ್ನೂ ವ್ಯರ್ಥ ಮಾಡುವಂತಿಲ್ಲ. ಉಳಿಯ ಕೆಳಗೆ ಉದುರಿದ ಗಂಧದ ಪುಡಿಯನ್ನು ಸೊಸೆ ಕುಂಚದಿಂದ ಗುಡಿಸಿ ಡಬ್ಬಿಗೆ ತುಂಬುತ್ತಿದ್ದುದನ್ನು ನಾನೇ ನೋಡಿದೆ. ಊದುಬತ್ತಿ ಮಾಡುವವರು ಅದನ್ನು ಕೊಳ್ಳುತ್ತಾರೆ.

ಮುಚ್ಚಳದ ಮೇಲೆ ಏನು ಕೆತ್ತಬೇಕು ಎಂಬ ಮಾತು ಬಂತು. ಅವರ ಹತ್ತಿರ ನವಿಲು, ಹಂಸ, ಗಜಲಕ್ಷ್ಮಿ ಎಲ್ಲದರ ನಕ್ಷೆಯೂ ಇತ್ತು. ನಮ್ಮವರು ಗಜಲಕ್ಷ್ಮಿಯೇ ಇರಲಿ ಎಂದರು. ನಾನು ಸುರಗಿ ದಂಡೆ ತೋರಿಸಿ, "ಇದು ಆಗುತ್ತಾ?" ಎಂದೆ. ಹಿರಿಯರು ಒಂದು ಒಣ ಹೂವನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾಲ್ಕು ಎಸಳು, ನಡುವೆ ಕುಚ್ಚಿನ ಹಾಗೆ ಲೆಕ್ಕವಿಲ್ಲದ ಕೇಸರ.

"ಇದನ್ನ ನಾನು ಕೆತ್ತಿಲ್ಲ. ಈ ಕೇಸರ ಇದೆಯಲ್ಲ, ಶಿವನೆಯಲ್ಲಿ ಇಷ್ಟು ಸಣ್ಣಕ್ಕೆ ತೆಗೆದರೆ ಮುರಿದುಹೋಗುತ್ತೆ. ಗಂಧದ ಮೈ ಗಟ್ಟಿ, ನುಣುಪು, ಅದರಲ್ಲಿ ನಿಲ್ಲುತ್ತೆ. ಹೂವು ಗಂಧದಲ್ಲಿ, ಸುತ್ತ ಎಲೆ ಬಳ್ಳಿ ಶಿವನೆಯಲ್ಲಿ. ಸಂಜೆಯೊಳಗೆ ಬರೆದಿಡ್ತೀನಿ, ಇಕ್ಕೇರಿಗೆ ಹೋಗಿ ಬನ್ನಿ" ಎಂದರು.

ಇಕ್ಕೇರಿ ಅಲ್ಲಿಂದ ಆಟೋದಲ್ಲಿ ಸ್ವಲ್ಪವೇ ದೂರ. ಅಘೋರೇಶ್ವರ ದೇವಸ್ಥಾನ ಒಂದು ಹಸಿರು ಅಂಗಳದ ನಡುವೆ ಗಂಭೀರವಾಗಿ ನಿಂತಿದೆ. ಎದುರಿನ ಮಂಟಪದಲ್ಲಿ ದೊಡ್ಡ ನಂದಿ. ನಾವು ಹೋದಾಗ ಜನವೇ ಇರಲಿಲ್ಲ. ಗೋಡೆಯ ಮೇಲಿನ ಕಲ್ಲಿನ ಬಳ್ಳಿಗಳನ್ನು ನೋಡುತ್ತಾ ನಿಂತಾಗ, ಬೆಳಿಗ್ಗೆ ಆ ಜಗಲಿಯ ಮೇಲೆ ಕಂಡ ಗಂಧದ ಬಳ್ಳಿಗಳು ನೆನಪಾದವು. ಸಮಯ ಇದ್ದವರು ಕೆಳದಿಗೂ ಹೋಗಿ ಬನ್ನಿ. ಅಲ್ಲಿಯ ವೀರಭದ್ರನ ಗುಡಿಯ ಛಾವಣಿಯಲ್ಲಿ ಗಂಡಭೇರುಂಡ ಇದೆ, ಕತ್ತೆತ್ತಿ ನೋಡಬೇಕು. ಮಧ್ಯಾಹ್ನ ಊಟಕ್ಕೆ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಸಿಕ್ಕಿತೆಂದರೆ ಮಲೆನಾಡಿಗೆ ಬಂದದ್ದು ಸಾರ್ಥಕ.

ಸಂಜೆ ಬಂದಾಗ ಕಾಗದದ ಮೇಲೆ ಸುರಗಿ ಅರಳಿತ್ತು. ಕೆಲಸ ಹೇಗೆ ನಡೆಯುತ್ತದೆಂದು ಹಿರಿಯರು ವಿವರಿಸಿದರು. ಪೆಟ್ಟಿಗೆಯ ಮೈ ಕಟ್ಟುವವರು ಆಚಾರಿ, ಕೆತ್ತುವವರು ಇವರು. ಶಿವನೆ ಹಲಗೆ ಚೆನ್ನಾಗಿ ಒಣಗಿರಬೇಕು, ಹಸಿ ಮರದ ಪೆಟ್ಟಿಗೆ ವರ್ಷದೊಳಗೆ ಸೊಟ್ಟಗಾಗುತ್ತದೆ. ನಾಲ್ಕು ಮೂಲೆಗಳಿಗೆ ಮೊಳೆ ಹೊಡೆಯುವುದಿಲ್ಲ; ಪಾರಿವಾಳದ ಬಾಲದ ಹಾಗೆ ತುದಿ ಅಗಲವಾದ ಹಲ್ಲುಗಳನ್ನು ಕತ್ತರಿಸಿ ಒಂದರೊಳಗೊಂದು ಕೂರಿಸುತ್ತಾರೆ. ಎಳೆದರೂ ಬಿಡುವುದಿಲ್ಲ. ಮುಚ್ಚಳವನ್ನು ಬೇರೆಯಾಗಿ ಮಾಡುವುದಿಲ್ಲ! ಆರು ಕಡೆಯೂ ಮುಚ್ಚಿದ ಡಬ್ಬಿಯ ಹಾಗೆ ಕಟ್ಟಿ, ಆಮೇಲೆ ಗರಗಸದಿಂದ ಸುತ್ತಲೂ ಕೊಯ್ದು ಮುಚ್ಚಳ ಬಿಡಿಸುತ್ತಾರೆ. ಆಗ ಮರದ ಗೆರೆಗಳು ಕೆಳಗಿನಿಂದ ಮೇಲಕ್ಕೆ ಕೂಡಿಕೊಂಡೇ ಇರುತ್ತವೆ, ಮುಚ್ಚಳವೂ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂರುತ್ತದೆ.

ತಳದ ಹಲಗೆಗೆ ಮಾತ್ರ ಅಂಟು ಹಾಕುವುದಿಲ್ಲವಂತೆ. ಗೋಡೆಯ ತೋಡಿನಲ್ಲಿ ಸಡಿಲವಾಗಿ ಸೇರಿಸಿ ಬಿಡುತ್ತಾರೆ. ಯಾಕೆ ಎಂದು ಕೇಳಿದೆ.

"ಹುಡುಗಿಯನ್ನ ಯಾವ ಊರಿಗೆ ಕೊಡ್ತೀರಿ?"

"ಬಳ್ಳಾರಿಗೆ."

"ನೋಡಿ ಮತ್ತೆ. ಇಲ್ಲಿ ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬಳ್ಳಾರಿ ಬಿಸಿಲಿಗೆ ಕುಗ್ಗುತ್ತೆ. ಸ್ವಲ್ಪ ಅಲ್ಲಾಡೋಕೆ ಜಾಗ ಬಿಟ್ಟರೆ ನೂರು ವರ್ಷ ಬಾಳುತ್ತೆ. ಬಿಗಿ ಮಾಡಿದ್ರೆ ಸೀಳುತ್ತೆ."

ಕೆತ್ತನೆಗೆ ಮೊದಲು ನಕ್ಷೆಯ ಕಾಗದವನ್ನು ಮರಕ್ಕೆ ಅಂಟಿಸುತ್ತಾರೆ. ಗೆರೆಯ ಮೇಲೆ ಸಣ್ಣ ಉಳಿಯಿಂದ ಅಂಚು ಕೊಯ್ದು, ಗೆರೆಗಳ ನಡುವಿನ ಮರವನ್ನು ಇಳಿಸುತ್ತಾ ಹೋದರೆ ಹೂವು ತಾನಾಗಿ ಮೇಲೆ ನಿಲ್ಲುತ್ತದೆ. ಉಳಿಗಳ ಸಾಲನ್ನು ನೋಡಬೇಕು ನೀವು, ಬೆರಳಗಲದಿಂದ ಸೂಜಿಯ ಮೊನೆಯಷ್ಟರವರೆಗೆ. ಕೊನೆಗೆ ಉಪ್ಪುಕಾಗದದಲ್ಲಿ ತಿಕ್ಕಿ ನುಣುಪು ಮಾಡುತ್ತಾರೆ. ಶಿವನೆಗೆ ತೆಳುವಾಗಿ ಮೇಣ. ಗಂಧಕ್ಕೆ ಏನೂ ಬಳಿಯುವುದಿಲ್ಲ, ಬಳಿದರೆ ಪರಿಮಳ ಒಳಗೇ ಉಳಿಯುತ್ತದೆ.

ಒಂದೂವರೆ ತಿಂಗಳ ಮೇಲೆ ಮತ್ತೆ ಹೋದೆವು. ಈ ಸಲ ಹುಡುಗಿಯೂ ಜೊತೆಗಿದ್ದಳು. ಪೆಟ್ಟಿಗೆಯನ್ನು ಅವಳ ಮುಂದೆ ಇಟ್ಟರು. ತಿಳಿ ಹಳದಿ ಬಣ್ಣದ ಶಿವನೆ, ನಡುವೆ ಅದಕ್ಕಿಂತ ಸ್ವಲ್ಪ ಗಾಢವಾದ ಗಂಧ, ಅದರಲ್ಲಿ ಮೂರು ಸುರಗಿ ಹೂವು, ಎರಡು ದುಂಡು ಮೊಗ್ಗು. ಕೇಸರ ಒಂದೊಂದೂ ಬೇರೆ ಬೇರೆಯಾಗಿ ಎದ್ದು ನಿಂತಿತ್ತು. ಅವಳು ಬೆರಳಿನಿಂದ ಮುಟ್ಟಿ ನೋಡಿದಳೇ ಹೊರತು ಏನೂ ಮಾತಾಡಲಿಲ್ಲ. ತಾಯಿಯ ಮುಖ ಅವಳಿಗೆ ಫೋಟೋದಲ್ಲಿ ಬಿಟ್ಟರೆ ನೆನಪಿಲ್ಲ. ಬಳೆಗಳನ್ನು ಒಂದೊಂದಾಗಿ ನಿಲ್ಲಿಸಿದಳು, ಅಳತೆ ಸರಿಯಾಗಿತ್ತು. ಅವಲಕ್ಕಿ ಸರ ಉದ್ದಕ್ಕೆ ಮಲಗಿತು. ಸುರಗಿ ದಂಡೆ ಎಲ್ಲಿಡಲಿ ಎಂಬಂತೆ ನನ್ನ ಕಡೆ ನೋಡಿದಳು. ಹಿರಿಯರೇ ತಟ್ಟೆಯ ಕೆಳಗೆ ಒಂದು ಖಾಲಿ ಮನೆ ತೋರಿಸಿ, "ಅದಕ್ಕೇ ಅಂತ ಬಿಟ್ಟಿದ್ದೀನಿ ಮಗಾ" ಎಂದರು.

ಹೆಸರು ಕೆತ್ತಲೇ ಎಂದು ಕೇಳಿದಾಗ ಅವಳು ತನ್ನ ಹೆಸರು ಹೇಳಲಿಲ್ಲ, ತಾಯಿಯ ಹೆಸರು ಹೇಳಿದಳು. ಮೇಲೆ ಬೇಡ, ತಟ್ಟೆಯ ಅಡಿಯಲ್ಲಿ ಇರಲಿ ಎಂದಳು. ಅಲ್ಲೇ ಕೂತು ಹತ್ತು ನಿಮಿಷದಲ್ಲಿ ಕೆತ್ತಿಕೊಟ್ಟರು.

ಹಣ ಕೊಡುವಾಗ ನಮ್ಮವರು ವಾಡಿಕೆಯಂತೆ "ಸ್ವಲ್ಪ ನೋಡಿ ಹೇಳಿ" ಎಂದರು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಆಚಾರಿಯ ದಿನಗಳು, ಇವರ ದಿನಗಳು ಸೇರಿಸಿದರೆ ಒಂದು ದಿನಕ್ಕೆ ಬೀಳುವ ಕೂಲಿ ನಮ್ಮೂರಿನಲ್ಲಿ ಗಾರೆ ಕೆಲಸದವರು ಕೇಳುವುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಹಿರಿಯರ ಮಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾನೆ, ಉಳಿ ಹಿಡಿಯುವುದಿಲ್ಲ. ಸೊಸೆ ಮಾತ್ರ ಬಿಡುವಾದಾಗ ಶಿವನೆಯ ತುಂಡಿನ ಮೇಲೆ ಎಲೆ, ಬಳ್ಳಿ ಕಲಿಯುತ್ತಿದ್ದಾಳಂತೆ. ನಮ್ಮ ಪೆಟ್ಟಿಗೆಯ ಎಡಬದಿಯ ಬಳ್ಳಿ ಅವಳ ಕೈದೇ ಎಂದು ಹೊರಡುವಾಗ ಹೇಳಿದರು. ಬಲಬದಿಗೂ ಎಡಬದಿಗೂ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಇನ್ನು ಬೀಗದ ಮಾತು. ಪುಟ್ಟ ಹಿತ್ತಾಳೆ ಬೀಗ, ಎರಡು ಬೀಗದ ಕೈ. ಮನೆಗೆ ಬಂದ ಮೇಲೆ ನಮ್ಮಮ್ಮ, "ಒಂದು ಕೈ ಅತ್ತೆಗೆ ಕೊಡೋದು ಪದ್ಧತಿ" ಎಂದರು. ಒಳ್ಳೆಯ ಮನೆತನ, ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೂ ಎರಡೂ ಕೈ ಹುಡುಗಿಯ ಹತ್ತಿರವೇ ಇರಲಿ ಎಂದು ನಾನು ಹೇಳಿದೆ. ತವರಿನವರು, ಬಂಧುಗಳು ಹೆಣ್ಣಿಗೆ ಕೊಟ್ಟ ಒಡವೆ ಅವಳ ಸ್ತ್ರೀಧನ. ಅದು ಅವಳೊಬ್ಬಳದೇ ಸ್ವತ್ತು, ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಅವರದ್ದಾಗುವುದಿಲ್ಲ ಎಂದು 1985ರಲ್ಲಿ ಪ್ರತಿಭಾ ರಾಣಿ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಇದು ಜಗಳದ ಮಾತಲ್ಲ, ತಿಳಿವಳಿಕೆಯ ಮಾತು. ಅತ್ತೆಯಾಗುವವರಿಗೂ ನಾನೇ ನಗುತ್ತಾ ಹೇಳಿದೆ. ಅವರು ಪೆಟ್ಟಿಗೆಯ ಹೂವು ಸವರುತ್ತಾ, "ನಮ್ಮ ಕಾಲದಲ್ಲಿ ನನ್ನ ಬೀಗದ ಕೈ ನಾನು ನೋಡಲೇ ಇಲ್ಲ ಕಣ್ರೀ. ಅವಳ ಹತ್ತಿರವೇ ಇರಲಿ ಬಿಡಿ" ಎಂದುಬಿಟ್ಟರು.

ಸಾಗರಕ್ಕೆ ಹೋಗಿ ಇಂಥದೊಂದು ಪೆಟ್ಟಿಗೆ ಮಾಡಿಸಬೇಕೆನ್ನುವವರಿಗೆ ಕೆಲವು ಕಿವಿಮಾತು:

ಮದುವೆಗೆ ಕಡೇಪಕ್ಷ ಮೂರು ತಿಂಗಳು ಮೊದಲೇ ಹೇಳಿ. ಅವಸರ ಮಾಡಿದರೆ ಒಣಗದ ಮರ ಬರುತ್ತದೆ.

ಒಡವೆಗಳ ಪಟ್ಟಿ, ಬಳೆಯ ಅಳತೆ, ಸರದ ಉದ್ದ ಬರೆದುಕೊಂಡು ಹೋಗಿ. ಮುಂದೆ ಸೇರಬಹುದಾದ ಒಂದೆರಡು ಒಡವೆಗೂ ಜಾಗ ಬಿಡಿಸಿ.

ಗಂಧದ ವಸ್ತು ಎಲ್ಲಿ ಕೊಂಡರೂ ರಸೀದಿ ಕೇಳಿ ಪಡೆದು ಜೋಪಾನವಾಗಿಡಿ. ಬೇರೆ ಮರಕ್ಕೆ ಗಂಧದ ಎಣ್ಣೆ ಸವರಿ ಮಾರುವವರಿದ್ದಾರೆ. ಮೇಲಿನ ವಾಸನೆ ನಂಬಬೇಡಿ. ಕಾಣದ ಒಳಬದಿಯಲ್ಲಿ ಸ್ವಲ್ಪ ಉಜ್ಜಿ ತೋರಿಸಲು ಹೇಳಿ. ನಿಜವಾದ ಗಂಧ ಉಜ್ಜಿದಷ್ಟೂ ಪರಿಮಳ ಕೊಡುತ್ತದೆ.

ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ, ಒಲೆಯ ಹತ್ತಿರ ಇಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕೆತ್ತನೆಯ ಸಂದಿನ ಧೂಳಿಗೆ ಮೆತ್ತನೆಯ ಬ್ರಷ್ ಸಾಕು.

ಮುತ್ತು ಬಹಳ ಮೃದು, ಚಿನ್ನದ ಅಂಚು ತಗುಲಿದರೂ ಗೀರು ಬೀಳುತ್ತದೆ. ಹತ್ತಿಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಬೇರೆ ಮನೆಯಲ್ಲಿಡಿ. ಸೆಂಟು, ಪೌಡರು ಹಾಕಿಕೊಂಡ ಮೇಲೆ ಮುತ್ತು ಧರಿಸಿ, ತೆಗೆದ ಮೇಲೆ ಒರೆಸಿ ಇಡಿ.

ಬೆಳ್ಳಿಯನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಬೇಡಿ, ಉಣ್ಣೆ ಬಟ್ಟೆಯಲ್ಲಿ ಸುತ್ತಬೇಡಿ. ಅವುಗಳಲ್ಲಿರುವ ಗಂಧಕದ ಅಂಶದಿಂದ ಬೆಳ್ಳಿ ಬೇಗ ಕಪ್ಪಾಗುತ್ತದೆ.

ಒಳಗಿನ ಗಂಧದ ಪಟ್ಟಿಯ ಪರಿಮಳ ವರ್ಷಗಳ ಮೇಲೆ ಕಡಿಮೆ ಎನಿಸಿದರೆ ಎಣ್ಣೆ ಹಾಕಲು ಹೋಗಬೇಡಿ, ಬಟ್ಟೆಗೂ ಒಡವೆಗೂ ಜಿಡ್ಡು ಹತ್ತುತ್ತದೆ. ಉಪ್ಪುಕಾಗದದಿಂದ ಒಮ್ಮೆ ಹಗುರವಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಒಳಗಿಡಿ. ಹೊಸದರ ಹಾಗೆಯೇ ಘಮಘಮಿಸುತ್ತದೆ.